ಮನ್ಸು ಬಿಚ್ಚಿ: ಆಟಿಸಂ ಇರೋ ಮನೆಗಳಿಂದ ಬಂದ ಪತ್ರಗಳು

ಆಟಿಸಂ (ಮಿದುಳಿನ ಬೆಳವಣಿಗೆ ಬೇರೆ ಥರ ಆಗಿ, ಮಾತು, ಜನರ ಜೊತೆ ಬೆರೆಯೋದು, ಸದ್ದು ಬೆಳಕು ತಡ್ಕೊಳ್ಳೋದು ಬೇರೆ ಥರ ಇರೋ ಸ್ಥಿತಿ) ಇರೋರು, ಅವರ ಮನೆಯೋರು ಬರೀರಿ ಅಂತ ಹೋದ ಸಂಚಿಕೇಲಿ ಕೇಳಿದ್ವಿ. ಮುಂಬೈ, ಪುಣೆ, ಗೋವಾದಿಂದ ಬಂದ ಪತ್ರಗಳಲ್ಲಿ ಯಾವ ಥೆರಪಿ, ಎಷ್ಟು ಖರ್ಚು ಅನ್ನೋದಕ್ಕಿಂತ ಮನೆಯೊಳಗಿನ ಸಂಕಟಾನೇ ಜಾಸ್ತಿ ಇದೆ. ಕೆಲವನ್ನ ಆರಿಸಿ ಉತ್ತರ ಬರ್ದಿದೀನಿ, ಹೆಸರು ಯಾರದ್ದೂ ಹಾಕಿಲ್ಲ.

ನನ್ನ ಮಗನಿಗೆ 9 ವರ್ಷ. ಗಣಪತಿ ವಿಸರ್ಜನೆ ದಿನ ಸೊಸೈಟಿ ಗೇಟ್ ಹತ್ರ ಢೋಲ್ ತಾಶಾ ಶುರುವಾದ ತಕ್ಷಣ ನೆಲಕ್ಕೆ ಬಿದ್ದು ಕಿರುಚಿದ, ಎತ್ಕೊಳ್ಳೋಕೆ ಹೋದ್ರೆ ನನ್ನ ಕೈ ಕಚ್ಚಿದ. ಯಾರೋ ವಿಡಿಯೋ ಬೇರೆ ಮಾಡಿದ್ರು. ಎರಡು ಬಿಟ್ರೆ ಸರಿ ಹೋಗ್ತಾನೆ ಅಂತಾರೆ ನಮ್ಮತ್ತೆ. ಯಜಮಾನ್ರು ಅವತ್ತಿಂದ ಅವನನ್ನ ಎಲ್ಲಿಗೂ ಕರ್ಕೊಂಡು ಹೋಗೋದೇ ಬೇಡ ಅಂತ ಕೂತಿದಾರೆ. ಮದುವೆ, ಪೂಜೆ, ಸಂಘದ ಕಾರ್ಯಕ್ರಮ ಎಲ್ಲಾ ಬಿಟ್ಟಾಯ್ತು. ನಂಗೆ ಉಸಿರು ಕಟ್ಟಿದ ಹಾಗಾಗ್ತಿದೆ. (ಡೊಂಬಿವಲಿ)

ಅಮ್ಮಾ, ಅವತ್ತು ನೀವು ಅಷ್ಟು ಜನರ ಮಧ್ಯೆ ಒಬ್ರೇ ಇದ್ರಿ ಅನ್ನೋದು ನಿಮ್ಮ ಪತ್ರ ಓದಿದ್ರೆ ಗೊತ್ತಾಗತ್ತೆ, ಅದೇ ನಂಗೆ ಎಲ್ಲಕ್ಕಿಂತ ನೋವಾಗಿದ್ದು.

ಹಠ ಮಾಡೋ ಮಗುಗೆ ಏನೋ ಬೇಕಾಗಿರತ್ತೆ, ಕೊಟ್ರೆ ನಿಲ್ಲತ್ತೆ, ಅಳ್ತಾ ಇದ್ರೂ ನೀವು ನೋಡ್ತಿದೀರಾ ಇಲ್ವಾ ಅಂತ ಮಧ್ಯೆ ಮಧ್ಯೆ ಓರೆಗಣ್ಣಲ್ಲಿ ನೋಡತ್ತೆ. ನಿಮ್ಮ ಮಗನಿಗೆ ಆಗಿದ್ದು ಮೆಲ್ಟ್‌ಡೌನ್. ಆಟಿಸಂ ಇರೋ ಎಷ್ಟೋ ಜನರಿಗೆ ಸದ್ದು, ಬೆಳಕು, ಮೈಗೆ ಮೈ ತಾಗೋದು ನಮಗಿಂತ ಎಷ್ಟೋ ಪಟ್ಟು ಜೋರಾಗಿ ತಟ್ಟತ್ತೆ, ಒಂದು ಹಂತ ದಾಟಿದ ಮೇಲೆ ಅವರ ಕೈಲಿ ಏನೂ ಇರಲ್ಲ. ಆ ಹೊತ್ತಲ್ಲಿ ಹೊಡೆದ್ರೆ ಅವನು ಕಲಿಯೋದು ಭಯ ಮಾತ್ರ, ನಂಗೆ ತೀರಾ ಕಷ್ಟ ಆದಾಗ ನಮ್ಮೋರೂ ನೋಯಿಸ್ತಾರೆ ಅಂತ ಮನಸಲ್ಲಿ ಉಳ್ದುಬಿಡತ್ತೆ. ಹಾಗಾಗಿ ಹೊಡೆಯೋದು ಬೇಡವೇ ಬೇಡ, ಈ ವಿಷಯದಲ್ಲಿ ಅತ್ತೆ ಎಷ್ಟೇ ಹೇಳಿದ್ರೂ ನೀವು ಗಟ್ಟಿಯಾಗಿ ನಿಲ್ಲಿ.

ಅಂಥಾ ಟೈಮಲ್ಲಿ ಮಾತು ಕಡಿಮೆ ಮಾಡಿ. ಯಾಕೆ, ಏನಾಯ್ತು ಅಂತ ಕೇಳೋದೂ ಅವನಿಗೆ ಇನ್ನೊಂದು ಸದ್ದೇ. ತಲೆಗೆ ಪೆಟ್ಟಾಗದ ಹಾಗೆ, ರಸ್ತೆಗೆ ಓಡದ ಹಾಗೆ ನೋಡ್ಕೊಂಡು ಪಕ್ಕದಲ್ಲಿ ಕೂತ್ಕೊಳ್ಳಿ, ಜೊತೆಗಿರೋರಿಗೆ ಜನರನ್ನ ದೂರ ಕಳಿಸೋ ಕೆಲಸ ಕೊಡಿ, ವಿಡಿಯೋ ಮಾಡೋರಿಗೆ ಡಿಲೀಟ್ ಮಾಡಿ ಅಂತ ಮುಖಕ್ಕೆ ಹೇಳೋದೂ ಅವರೇ ಮಾಡ್ಲಿ. ಕೆಲವು ಮಕ್ಕಳಿಗೆ ಗಟ್ಟಿಯಾಗಿ ತಬ್ಬಿದ್ರೆ ಸಮಾಧಾನ, ಕೆಲವರಿಗೆ ಬೆರಳು ತಾಗಿದ್ರೂ ಉರಿ, ಎತ್ಕೊಳ್ಳೋಕೆ ಹೋದಾಗ ಕಚ್ಚಿದ ಅಂದ್ರೆ ಆ ಹೊತ್ತಲ್ಲಿ ಅವನಿಗೆ ಮುಟ್ಟೋದು ಬೇಡ ಅಂತಾನೇ ಅರ್ಥ. ಮುಗಿದ ಮೇಲೆ ಮಗು ಪೂರ್ತಿ ಸುಸ್ತಾಗಿರತ್ತೆ, ನೀರು ಕೊಟ್ಟು ಮಲಗಿಸಿ, ಬುದ್ಧಿವಾದ ಅವತ್ತು ಬೇಡ.

ಇದು ಒಮ್ಮೆಲೇ ಬರಲ್ಲ ಅನ್ನೋದೂ ನೆನಪಿರ್ಲಿ. ಶರ್ಟಿನ ಕಾಲರ್ ಬಾಯಿಗೆ ಹಾಕ್ಕೊಳ್ಳೋದು, ಟಿವಿ ಜಾಹೀರಾತಿನ ಒಂದೇ ಸಾಲನ್ನ ಮತ್ತೆ ಮತ್ತೆ ಹೇಳೋದು, ಕಿವಿ ಮುಚ್ಕೊಂಡು ನಿಮ್ಮ ಸೆರಗಿನ ಹಿಂದೆ ಸರಿಯೋದು, ಹೀಗೆ ಏನಾದ್ರೂ ಮೊದಲೇ ಕಾಣ್ಸತ್ತೆ. ಅವನದ್ದು ಯಾವುದು ಅಂತ ನಿಮ್ಮಷ್ಟು ಚೆನ್ನಾಗಿ ಯಾರಿಗೂ ಗೊತ್ತಾಗಲ್ಲ, ಅದು ಕಂಡ ತಕ್ಷಣ ಹೊರಟುಬಿಡಿ, ಆರತಿ ಅರ್ಧಕ್ಕೆ ಬಿಟ್ರೆ ಗಣಪತಿ ಬೇಜಾರು ಮಾಡ್ಕೊಳ್ಳಲ್ಲ. ಎಲ್ಲಿಗೂ ಹೋಗದೇ ಇರೋದು ಮಾತ್ರ ಬೇಡ. ಸಂಘದ ಕಾರ್ಯಕ್ರಮಕ್ಕೆ ಮೈಕು ಭಾಷಣ ಎಲ್ಲಾ ಮುಗಿದು ಊಟದ ಹೊತ್ತಿಗೆ ಹೋಗಿ, ಬಾಗಿಲ ಹತ್ರ ಕೂತ್ಕೊಳ್ಳಿ, ಕಿವಿಗೆ ಸದ್ದು ತಡೆಯೋ ಹೆಡ್‌ಫೋನ್ ಹಾಕಿ, ಎಲ್ಲಿಗೆ ಹೋಗ್ತೀವಿ ಯಾರಿರ್ತಾರೆ ಯಾವಾಗ ವಾಪಸ್ ಬರ್ತೀವಿ ಅಂತ ಹಿಂದಿನ ದಿನಾನೇ ಫೋಟೋ ತೋರ್ಸಿ ಹೇಳಿ, ಅವನನ್ನ ಕರ್ಕೊಂಡು ಮನೆಗೆ ಬರೋರು ಯಾರು ಅನ್ನೋದು ಹೊರಡೋ ಮುಂಚೆನೇ ತೀರ್ಮಾನ ಆಗಿರ್ಲಿ.

ಯಜಮಾನ್ರು ಅವಮಾನಕ್ಕಿಂತ ಜಾಸ್ತಿ ಹೆದರಿದಾರೆ ಅಂತ ನಂಗನ್ಸತ್ತೆ. ಮಗನ ಜೊತೆ ಏನ್ ಮಾಡ್ಬೇಕು ಅಂತ ಗೊತ್ತಾಗದ ಅಪ್ಪಂದಿರು ದೂರ ಸರಿದುಬಿಡ್ತಾರೆ, ಅದು ಪ್ರೀತಿ ಇಲ್ಲ ಅಂತಲ್ಲ. ಮಗನಿಗೆ ಇಷ್ಟ ಆಗೋ ಒಂದೇ ಒಂದು ವಿಷಯ ಅವರ ಪಾಲಿಗೆ ಬಿಡಿ. ಲೋಕಲ್ ಟ್ರೇನ್ ಇಷ್ಟ ಇದ್ರೆ ಭಾನುವಾರ ಬೆಳಿಗ್ಗೆ ರಶ್ ಇಲ್ಲದಾಗ ಪ್ಲಾಟ್‌ಫಾರ್ಮ್ ಬೆಂಚ್ ಮೇಲೆ ಇಬ್ರೂ ಕೂತು ಯಾವುದು ಫಾಸ್ಟು ಯಾವುದು ಸ್ಲೋ ಅಂತ ನೋಡ್ಲಿ, ಮಾತಾಡ್ಲೇಬೇಕು ಅಂತೇನಿಲ್ಲ.

ನಂಗೆ 14 ವರ್ಷ. ನನ್ನ ತಮ್ಮಂಗೆ ಆಟಿಸಂ ಇದೆ. ಪರೀಕ್ಷೆ ಹಿಂದಿನ ದಿನ ನನ್ನ ನೋಟ್ಸ್ ಹರಿದು ಹಾಕಿದ. ನೀನು ದೊಡ್ಡೋಳು ಅಡ್ಜಸ್ಟ್ ಮಾಡ್ಕೋ ಅಂದ್ರು ಅಮ್ಮ. ಅವನ ಮೇಲೆ ತುಂಬಾ ಸಿಟ್ಟು ಬರತ್ತೆ, ಆಮೇಲೆ ರಾತ್ರಿ ಅಳು ಬರತ್ತೆ. ಫ್ರೆಂಡ್ಸ್‌ನ ಮನೆಗೆ ಕರೆಯೋದೇ ಬಿಟ್ಟಿದೀನಿ. ನಾನು ಕೆಟ್ಟೋಳಾ? (ಪುಣೆ)

ಖಂಡಿತ ಅಲ್ಲ ಪುಟ್ಟಾ. ಬರೆದಿಟ್ಟ ನೋಟ್ಸ್ ಹರಿದ್ರೆ ಯಾರಿಗಾದ್ರೂ ಸಿಟ್ಟು ಬರತ್ತೆ, ತಮ್ಮನಿಗೆ ಆಟಿಸಂ ಇದೆ ಅಂತ ನಿನ್ನ ಸಿಟ್ಟು ತಪ್ಪಾಗಿಬಿಡಲ್ಲ. ಸಿಟ್ಟೂ ಪ್ರೀತಿನೂ ಒಟ್ಟಿಗೇ ಇರತ್ತೆ, ಎಲ್ಲಾ ಅಕ್ಕಂದಿರಿಗೂ ಹಾಗೇ. ಬೀಗ ಹಾಕೋಕಾಗೋ ಒಂದು ಕಪಾಟು ಬೇಕು ಅಂತ ಮನೇಲಿ ಕೇಳು, ಅದು ನಿನ್ನ ಹಕ್ಕು. ನಿನ್ನ ಕೈಲಿ ನೇರವಾಗಿ ಹೇಳೋಕಾಗದೇ ಇದ್ರೆ ಇದೇ ಪುಟ ಅಮ್ಮನ ಕೈಗೆ ಕೊಡು. ಒಬ್ಬಳು ನಂಬೋ ಫ್ರೆಂಡ್‌ಗೆ ತಮ್ಮನ ಬಗ್ಗೆ ಹೇಳಿ ನೋಡು, ಅವನು ಕೈ ಅಲ್ಲಾಡಿಸ್ತಾನೆ, ಖುಷಿಯಾದಾಗ ಹಾರ್ತಾನೆ, ಹೆದರಬೇಡ ಅಂತ ಮೊದಲೇ ಹೇಳಿದ್ರೆ ಹೆಚ್ಚಿನ ಮಕ್ಕಳು ಚೆನ್ನಾಗೇ ಇರ್ತಾರೆ.

ಅಪ್ಪ ಅಮ್ಮ ಓದ್ತಿದ್ರೆ ನಿಮಗೊಂದು ಮಾತು. ಇವಳು ಆ ಮನೆಯ ಎರಡನೇ ತಾಯಿ ಅಲ್ಲ, ಅವಳೂ ಮಗುನೇ. ವಾರದಲ್ಲಿ ಒಂದು ಗಂಟೆ ಅವಳೊಬ್ಬಳಿಗೇ ಅಂತ ಇಡಿ, ಆ ಹೊತ್ತಲ್ಲಿ ತಮ್ಮನ ಸುದ್ದಿ ತೆಗೀಬೇಡಿ. ಅಡ್ಜಸ್ಟ್ ಮಾಡ್ಕೋ ಅನ್ನೋದರ ಬದಲು, ನಿನ್ನ ನೋಟ್ಸ್ ಹೋಯ್ತಲ್ಲಾ, ಎಷ್ಟು ಕಷ್ಟಪಟ್ಟು ಬರ್ದಿದ್ದೆ ಅಂತ ಅಂದ್ರೆ ಸಾಕಿತ್ತು, ಆ ರಾತ್ರಿ ಅಷ್ಟು ಅಳ್ತಾ ಇರ್ಲಿಲ್ಲ ಅವಳು.

ನಾವು ವಿಜಾಪುರ ಕಡೆಯವ್ರು, ವಾಸ್ಕೋದಾಗ ಟೆಂಪೋ ಓಡಸ್ತೀನ್ರಿ. ಮಗಳಿಗೆ 4 ವರ್ಷ, ಇನ್ನೂ ಮಾತ ಬಂದಿಲ್ಲ, ಡಾಕ್ಟ್ರು ಆಟಿಸಂ ಅಂದಾರ. ಮನ್ಯಾಗ ಕನ್ನಡ ಬಂದ್ ಮಾಡಿ ಇಂಗ್ಲಿಷ್ ಒಂದ ಮಾತಾಡ್ರಿ ಅಂತ ಒಬ್ರು ಹೇಳಿದ್ರು. ನಮ್ಮನೀಯವ್ಳಿಗೆ ಇಂಗ್ಲಿಷ್ ಬರಂಗಿಲ್ಲ, ಈಗ ಕೂಸಿನ ಮುಂದ ಮಾತಾಡೂದ ಬಿಟ್ಟಾಳ. ತಾಯಿ ಕೆಲಸಕ್ಕ ಹೋಗ್ತಾಳ, ಮೊಬೈಲ್ ಕೊಟ್ಟು ಕುಂದ್ರಸ್ತಾಳ, ಅದಕ್ಕ ಹಿಂಗಾಗೇತಿ ಅಂತಾರ ಊರ ಮಂದಿ. ಸ್ಟೆಮ್ ಸೆಲ್ ಮಾಡಿಸಿದ್ರ ಆರಾಮ ಆಕ್ಕಾಳ ಅಂತಾರ, ಹೊಲ ಮಾರ್ಲೇನು? (ವಾಸ್ಕೋ)

ಹೊಲ ಮಾರಬೇಡಿ. ಆಟಿಸಂಗೆ ಸ್ಟೆಮ್ ಸೆಲ್ (ಆಕರ ಕೋಶ) ಚಿಕಿತ್ಸೆ ಶಿಫಾರಸು ಮಾಡೋ ಹಾಗಿಲ್ಲ ಅಂತ, ದೇಶದ ಡಾಕ್ಟರ್‌ಗಳಿಗೆ ನಿಯಮ ಮಾಡೋ ನ್ಯಾಷನಲ್ ಮೆಡಿಕಲ್ ಕಮಿಷನ್ನಿನ ನೈತಿಕ ಮಂಡಳಿ 2022ರಲ್ಲೇ ಹೇಳಿದೆ, ಇದನ್ನ ಯಾರು ಎಷ್ಟೇ ಚೆಂದ ಬಣ್ಣಿಸಿ ಹೇಳಿದ್ರೂ ದುಡ್ಡು ಕಟ್ಟಬೇಡಿ.

ಇನ್ನು ನಿಮ್ಮ ಹೆಂಡತಿಗೆ ಇವತ್ತೇ ಹೇಳಿ, ಮಗಳ ಹತ್ರ ಬಾಯ್ತುಂಬಾ ಮಾತಾಡ್ಲಿ, ಅದೂ ವಿಜಾಪುರದ ಮಾತಲ್ಲೇ. ಎರಡು ಭಾಷೆ ಕೇಳ್ತಾ ಬೆಳೆದ್ರೆ ಆಟಿಸಂ ಇರೋ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಅಂಥಾ ಹಾನಿ ಕಂಡಿಲ್ಲ. ತನಗೆ ಬರದ ಭಾಷೆಯಲ್ಲಿ ತಾಯಿ ಮುದ್ದು ಮಾಡೋದು ಹೇಗೆ, ಹಾಡಿ ಮಲಗಿಸೋದು ಹೇಗೆ? ಒಂದು ಸಲಹೆಯಿಂದ ಆ ಮನೇಲಿ ತಾಯಿ ಮೂಕಿಯಾಗಿ ಕೂತಿದಾಳಲ್ಲ, ನಂಗೆ ಅದೇ ದೊಡ್ಡ ನಷ್ಟ.

ಊರ ಮಂದಿ ಮಾತು ಹಳೇ ರೋಗ. 1943ರಲ್ಲಿ ಲಿಯೋ ಕ್ಯಾನರ್ ಅನ್ನೋ ಡಾಕ್ಟರ್ ಆಟಿಸಂ ಬಗ್ಗೆ ವಿವರವಾಗಿ ಬರೆದ ಮೇಲೆ, ಪ್ರೀತಿ ತೋರಿಸದ ತಾಯಂದಿರಿಂದ ಹೀಗಾಗತ್ತೆ ಅಂತ ದೊಡ್ಡ ದೊಡ್ಡೋರೇ ವರ್ಷಗಟ್ಟಲೆ ಹೇಳ್ತಾ ಬಂದ್ರು, ಎಷ್ಟು ಹೆಣ್ಮಕ್ಕಳು ಆ ಅಪವಾದ ಹೊತ್ಕೊಂಡು ಬದುಕಿದ್ರೋ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್, ಅವರ ಮಗನಿಗೂ ಆಟಿಸಂ ಇತ್ತು, 1964ರಲ್ಲಿ ಇದು ತಾಯಿ ತಪ್ಪಲ್ಲ, ಮಿದುಳಿನ ಬೆಳವಣಿಗೆಗೆ ಸಂಬಂಧಪಟ್ಟಿದ್ದು ಅಂತ ವಾದ ಮಾಡಿದ್ರು. ಅದರಲ್ಲಿ ಜೀನ್‌ಗಳ ಪಾಲು ದೊಡ್ಡದು ಅಂತ ಈಗ ಗೊತ್ತಾಗಿದೆ. ನಿಮ್ಮ ಹೆಂಡತಿ ಕೆಲಸಕ್ಕೆ ಹೋಗಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೊಬೈಲ್ ಕಡಿಮೆ ಮಾಡಿದ್ರೆ ಒಳ್ಳೇದೇ, ಆದ್ರೆ ಮಗಳ ಜೊತೆ ಕೂರೋಕೆ ಟೈಮ್ ಸಿಗತ್ತೆ ಅಂತ ಕಡಿಮೆ ಮಾಡಿ, ಪಾಪಭಾವದಿಂದ ಬೇಡ.

ನೀವಿರೋ ಗೋವಾದಲ್ಲೇ, ಜೊತೆಗೆ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ, ಒಂದು ಅಧ್ಯಯನ ನಡೆದು 2016ರಲ್ಲಿ ಪ್ರಕಟ ಆಯ್ತು. ಅದರಲ್ಲಿ ಸ್ಪೆಷಲಿಸ್ಟ್‌ಗಳಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ತಂದೆ ತಾಯಿಗೆ ಮಗುವಿನ ಜೊತೆ ಹೇಗೆ ಆಡೋದು, ಹೇಗೆ ಸ್ಪಂದಿಸೋದು ಅಂತ ಕಲಿಸಿದ್ರು, ಮಕ್ಕಳು ತಾವಾಗೇ ತಂದೆ ತಾಯಿ ಕಡೆ ತಿರುಗಿ ಏನೋ ಹೇಳೋಕೆ ಪ್ರಯತ್ನ ಮಾಡೋದು ಹೆಚ್ಚಾಯ್ತು. ಮನೇಲಿ ಇದನ್ನೇ ಮಾಡಿ. ಮಗಳು ಆಟಿಕೆ ಲಾರಿ ತಿರುವಿ ಹಾಕಿ ಗಾಲಿ ತಿರುಗಿಸ್ತಾ ಕೂತಿದ್ರೆ ಕಸ್ಕೊಂಡು, ಹಿಂಗಲ್ಲ ಆಡೂದು ಅನ್ಬೇಡಿ. ಅವಳೆದುರು ನೆಲದ ಮೇಲೆ ಕೂತು, ಅವಳು ನೋಡ್ತಿರೋ ಗಾಲಿನೇ ನೀವೂ ನೋಡಿ, "ತಿರಗತೈತಿ" ಅಂತ ಒಂದೇ ಮಾತು ಹೇಳಿ ಸುಮ್ನಿರಿ, ಮನಸಲ್ಲೇ ಹತ್ತು ಎಣಿಸಿ. ಅವಳು ನಿಮ್ಮ ಕಡೆ ಒಂದ್ಸಲ ನೋಡಿದ್ರೂ, ನಿಮ್ಮ ಕೈ ಹಿಡಿದು ಗಾಲಿ ಮೇಲೆ ಇಟ್ರೂ ಅದು ಅವಳ ಮಾತೇ, ಅದಕ್ಕೆ ಉತ್ತರ ಕೊಡಿ. ಚಿತ್ರ ತೋರ್ಸಿ ಕೇಳೋದು ಕಲಿಸಿದ್ರೆ ಬಾಯಿ ಮಾತು ನಿಂತುಹೋಗತ್ತೆ ಅಂತ ಹೆದರಬೇಡಿ, ಹಾಗಾಗಲ್ಲ.

ನಂಗೆ 29, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ಈ ವರ್ಷ ಆಟಿಸಂ ಅಂತ ಗೊತ್ತಾಯ್ತು. ಆಫೀಸಲ್ಲಿ ಎಲ್ರ ಹಾಗೆ ನಗ್ತಾ ಮಾತಾಡ್ತಾ ಇರ್ತೀನಿ, ಮನೆಗೆ ಬಂದ್ರೆ ಒಂದು ಮಾತೂ ಹೊರಡಲ್ಲ. ನಿಂಗೆ ನನ್ನ ಮೇಲೆ ಫೀಲಿಂಗೇ ಇಲ್ಲ ಅಂತಾರೆ ಗಂಡ. ಇದೆ ಅಂತ ಹೇಗೆ ತೋರಿಸ್ಲಿ? (ಪುಣೆ)

ಫೀಲಿಂಗ್ ಇಲ್ಲದೋರು ಈ ಪತ್ರ ಬರೀತಿರ್ಲಿಲ್ಲ. ಇಡೀ ದಿನ ಬೇರೆಯವರ ಹಾಗೆ ಕಾಣೋಕೆ ಮುಖ, ದನಿ, ಕಣ್ಣೋಟ ಎಲ್ಲಾ ಲೆಕ್ಕ ಹಾಕಿ ಇಟ್ಕೊಳ್ಳೋದನ್ನ ಮಾಸ್ಕಿಂಗ್ ಅಂತಾರೆ, ಅದು ಮೈಮುರಿಯೋ ಕೆಲಸ, ಹೆಣ್ಮಕ್ಕಳು ಅದನ್ನ ಎಷ್ಟು ಚೆನ್ನಾಗಿ ಮಾಡ್ತಾರೆ ಅಂದ್ರೆ ಎಷ್ಟೋ ಸಲ ಡಾಕ್ಟರ್‌ಗಳಿಗೂ ತಿಳಿಯಲ್ಲ, ಅದಕ್ಕೇ ಇಷ್ಟು ತಡವಾಗಿ ಗೊತ್ತಾಗೋದು. ಮನೆಗೆ ಬಂದು ಮಾತು ನಿಂತ್ರೆ, ಅಲ್ಲಿ ನಟನೆ ಮಾಡ್ಬೇಕಿಲ್ಲ ಅನ್ನೋ ಧೈರ್ಯ ನಿಮಗೆ ಗಂಡನ ಹತ್ರ ಇದೆ ಅಂತ ಆಯ್ತಲ್ಲ, ಇದನ್ನೇ ಅವರಿಗೆ ಹೇಳಿ. ಬಾಯಲ್ಲಿ ಆಗದೇ ಇದ್ರೆ ಪಕ್ಕದ ರೂಮಿಂದ ವಾಟ್ಸಾಪ್ ಮಾಡಿ, ಅದೂ ಮಾತೇ.

ಗಂಡನಿಗೂ ಇದು ಕಷ್ಟವೇ, ಅವರ ಬೇಜಾರು ಸುಳ್ಳಲ್ಲ. ಆದ್ರೆ ಅರ್ಥ ಆಗದೇ ಇರೋದು ಎರಡೂ ಕಡೆಯಿಂದ, ಆಟಿಸಂ ಇರೋರಿಗೆ ಬೇರೆಯವರು ಅರ್ಥ ಆಗಲ್ಲ, ಅವರಿಗೆ ಇವರು ಅರ್ಥ ಆಗಲ್ಲ, ತಪ್ಪನ್ನ ಮಾತ್ರ ಒಂದೇ ಕಡೆ ಹೊರಿಸ್ತೀವಿ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್, ಅವರಿಗೂ ಆಟಿಸಂ ಇದೆ, 2012ರಲ್ಲಿ ಇದನ್ನೇ ಬರೆದ್ರು. ಆಫೀಸಿಂದ ಬಂದ ಮೇಲೆ ಒಂದು ಗಂಟೆ ಲೈಟ್ ಆಫ್ ಮಾಡಿ ಒಬ್ರೇ ಇರ್ತೀನಿ, ಆಮೇಲೆ ಒಟ್ಟಿಗೆ ಊಟ ಅಂತ ಇಬ್ರೂ ಮಾತಾಡಿ ಗೊತ್ತು ಮಾಡ್ಕೊಳ್ಳಿ, ಆಗ ನಿಮ್ಮ ಮೌನ ಅವರಿಗೆ ಮುನಿಸಾಗಿ ಕಾಣಲ್ಲ. ಬೆಳಿಗ್ಗೆ ಏಳೋಕೇ ಮನಸಿಲ್ಲ, ಬದುಕೋದೇ ಭಾರ ಅನ್ನೋ ಮಟ್ಟಕ್ಕೆ ಹೋದ್ರೆ ಕಾಯಬೇಡಿ. ಆಟಿಸಂ ಇರೋರಲ್ಲಿ ಆತಂಕ, ಖಿನ್ನತೆ ಬೇರೆಯವರಿಗಿಂತ ಜಾಸ್ತಿ ಕಾಣ್ಸತ್ತೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದ್ರೂ ಫ್ರೀಯಾಗಿ ಫೋನ್ ಮಾಡ್ಬಹುದು, ಕನ್ನಡದಲ್ಲೂ ಮಾತಾಡ್ತಾರೆ.

ಮಗನಿಗೆ 34, ನನಗೆ 68. ನಾವು ಹೋದ ಮೇಲೆ ಅವನಿಗೆ ಯಾರು? ರಾತ್ರಿ ನಿದ್ದೆ ಬರಲ್ಲ. (ಮುಲುಂಡ್)

ಸರ್, ಈ ಭಯ ಪೂರ್ತಿ ಹೋಗಲ್ಲ, ಆದ್ರೆ ಕೆಲವು ಕೆಲಸ ಮಾಡಿಟ್ರೆ ನಿದ್ದೆ ಬರತ್ತೆ. ಆಟಿಸಂನಂಥ ಅಂಗವೈಕಲ್ಯ ಇರೋರಿಗಾಗಿ ಮಾಡಿದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿದ್ರೆ, 18 ದಾಟಿದ ಮೇಲೂ ಗಾರ್ಡಿಯನ್ (ಕಾನೂನಿನ ಪ್ರಕಾರ ಹೊಣೆ ಹೊರೋರು) ಬೇಕಾದವರಿಗೆ ನೇಮಕ ಮಾಡ್ತಾರೆ. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಇದೆ, ಮಾಡಿಸಿಲ್ಲ ಅಂದ್ರೆ ಮಾಡಿಸಿ. ಯಾರ ಜೊತೆ ಇರೋಕಿಷ್ಟ ಅಂತ ಮಗನನ್ನೇ ಕೇಳಿ, ಮಾತು ಬರದೇ ಇದ್ರೂ ಯಾರು ಬಂದಾಗ ಅವನ ಮೈ ಸಡಿಲ ಆಗತ್ತೆ ಅಂತ ನೋಡಿದ್ರೆ ಗೊತ್ತಾಗತ್ತೆ. ಈಗಿಂದಲೇ ಅವರ ಮನೇಲಿ ಒಂದೊಂದು ರಾತ್ರಿ ಇದ್ದು ರೂಢಿಯಾಗ್ಲಿ, ನೀವು ಗಟ್ಟಿ ಇರೋವಾಗ್ಲೇ. ಮತ್ತೆ ಒಂದು ನೋಟ್‌ಬುಕ್ ಇಡಿ: ಅನ್ನ ಸಾರು ಕಲಸಿ ಕೊಟ್ರೆ ತಿನ್ನಲ್ಲ, ಮಿಕ್ಸಿ ಹಾಕೋ ಮುಂಚೆ ಹೇಳ್ಬೇಕು, ಹಲ್ಲು ನೋವಾದ್ರೆ ಹೇಳಲ್ಲ ಆದ್ರೆ ಕೆನ್ನೆ ತಟ್ಕೋತಾನೆ, ಇಂಥವು. ಇದೆಲ್ಲಾ ಈಗ ನಿಮ್ಮಿಬ್ಬರ ತಲೆಯಲ್ಲಿ ಮಾತ್ರ ಇದೆ.