ಮುಟ್ಟು ನಿಂತ ಮೇಲೆ ಕಂಡ ರಕ್ತ

ಇಳಕಲ್ಲಿನ ನೇಕಾರ ಮಹಿಳೆ, ವಯಸ್ಸು 54. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಸೊಸೆಯ ಜೊತೆ ನನ್ನ ಬಳಿ ಬಂದವರು ನಿದ್ದೆ ಹತ್ತುವುದಿಲ್ಲ ಎಂದರು. ಸಾಲ, ನೂಲಿನ ದರ, ಮಗನ ಕೆಲಸ ಎಲ್ಲವೂ ಮಾತಿಗೆ ಬಂದವು. ಕೊನೆಗೆ ಸೊಸೆಯನ್ನು ಹೊರಗೆ ಕಳಿಸಿ, ದನಿ ತಗ್ಗಿಸಿ, "ನಿಂತ ಮುಟ್ಟು ಮತ್ತೆ ಬಂದಿದೆ" ಎಂದರು. ನೆರೆಹೊರೆಯವರು ಮೈಯಲ್ಲಿ ಉಷ್ಣ ಹೆಚ್ಚಿದೆ ಎಂದಿದ್ದರಂತೆ. ಬನಶಂಕರಿ ಜಾತ್ರೆ ಮುಗಿಸಿಕೊಂಡು ದವಾಖಾನೆಗೆ ಹೋಗುವ ಯೋಚನೆ ಅವರದು.

ಜಾತ್ರೆಯವರೆಗೆ ಕಾಯಬೇಡಿ, ಈ ವಾರವೇ ಹೋಗಿ ಎಂದೆ. ಮುಟ್ಟು ನಿಂತು 12 ತಿಂಗಳಾದ ಮೇಲೆ ಕಾಣಿಸುವ ರಕ್ತ ಮುಟ್ಟಲ್ಲ. ಒಂದೇ ಕಲೆಯಾದರೂ, ತಾನಾಗಿ ನಿಂತಿದ್ದರೂ ಸ್ತ್ರೀರೋಗ ತಜ್ಞರು ನೋಡಲೇಬೇಕು. ಬಹಳಷ್ಟು ಮಂದಿಯಲ್ಲಿ ಯೋನಿಯ ಅಥವಾ ಗರ್ಭಕೋಶದ ಒಳಪದರ ತೆಳುವಾಗಿರುವುದೋ ಪಾಲಿಪ್ ಎಂಬ ಸಣ್ಣ ಗಂಟೋ ಕಾರಣವಾಗಿರುತ್ತದೆ. ಕೆಲವರಲ್ಲಿ ಮಾತ್ರ ಗರ್ಭಕೋಶದ ಕ್ಯಾನ್ಸರ್ ಇರುತ್ತದೆ. ಬೇಗ ಗೊತ್ತಾದರೆ ಅದಕ್ಕೂ ಒಳ್ಳೆಯ ಚಿಕಿತ್ಸೆ ಇದೆ.

"ಹೋದರೆ ಗರ್ಭಕೋಶ ತೆಗೆದುಬಿಡುತ್ತಾರೆ." ನಿದ್ದೆಗೆಡಿಸಿದ್ದ ಭಯ ಇದೇ. ಅದನ್ನು ನಾನು ತಳ್ಳಿಹಾಕಲಿಲ್ಲ, ಅನಗತ್ಯವಾಗಿ ಗರ್ಭಕೋಶ ತೆಗೆಸಿಕೊಂಡು ನರಳುವ ಹೆಂಗಸರು ಇದ್ದಾರೆ. ಆದರೆ ಮೊದಲು ಸ್ಕ್ಯಾನಿಂಗ್ ಆಗುತ್ತದೆ, ಬೇಕಾದರೆ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷಿಸುತ್ತಾರೆ. ಶಸ್ತ್ರಚಿಕಿತ್ಸೆಯ ಮಾತು ಬಂದರೆ "ವರದಿಯಲ್ಲಿ ಏನಿದೆ, ಬೇರೆ ದಾರಿ ಇದೆಯೇ?" ಎಂದು ಕೇಳಿ, ಇನ್ನೊಬ್ಬ ವೈದ್ಯರಿಗೂ ತೋರಿಸಿ ಎಂದೆ.

ರಕ್ತ ಕಂಡ ದಿನ ಯಾವುದೆಂದು ಕೇಳಿದಾಗ ತಡವರಿಸಿದರು. ಚೀಲದಲ್ಲಿ ಮಜೂರಿಯ ವಹಿ ಇತ್ತು. ಹಸಿರು ಸೀರೆ ಮಗ್ಗದಿಂದ ಇಳಿಸಿದ ಮರುದಿನ ಎಂದು ಪುಟ ತಿರುವಿದರು, ತಾರೀಕು ಸಿಕ್ಕಿತು! ಎರಡನೆಯ ಸಲದ್ದೂ ಹಾಗೆಯೇ ಸಿಕ್ಕಿತು. ಅದೇ ವಹಿಯ ಹಿಂಬದಿಗೆ ಎರಡೂ ತಾರೀಕು, ಮುಟ್ಟು ನಿಂತ ವರ್ಷ, ಬಿಪಿ ಮಾತ್ರೆಯ ಹೆಸರು, ನಾಟಿ ಔಷಧಿ ಎಲ್ಲವನ್ನೂ ಬರೆಸಿದೆ. ವೈದ್ಯರ ಎದುರು ಕುಳಿತೊಡನೆ ಹೇಳಬೇಕಾದ ಮಾತನ್ನು ನನ್ನೆದುರೇ ಮೂರು ಸಲ ಹೇಳಿಸಿದೆ: "ಮುಟ್ಟು ನಿಂತು ಮೂರು ವರ್ಷವಾಗಿದೆ, ಈಗ ರಕ್ತ ಕಂಡಿದೆ." ಮೊದಲ ಸಲ ಹೇಳುವಾಗ ನೆಲ ನೋಡುತ್ತಿದ್ದವರು ಮೂರನೆಯ ಸಲ ನನ್ನನ್ನು ನೋಡಿಯೇ ಹೇಳಿದರು.

ಪರೀಕ್ಷೆಗೆ ಹೋಗುವಾಗ ಯೋನಿಯೊಳಗೆ ನೀರು ಹಾಯಿಸಿ ತೊಳೆದುಕೊಂಡು ಹೋಗಬಾರದು. ಸ್ಕ್ಯಾನಿಂಗ್‌ಗೆ ಮೂತ್ರ ತುಂಬಿರಬೇಕೇ ಎಂದು ಮೊದಲೇ ಕೇಳಿಕೊಳ್ಳಬೇಕು. ಪರೀಕ್ಷೆಯ ವೇಳೆ ನರ್ಸ್ ಅಥವಾ ಸೊಸೆ ಪಕ್ಕದಲ್ಲಿರಲಿ ಎನ್ನಬಹುದು. ನೋವಾದರೆ ನಿಲ್ಲಿಸಿ ಎನ್ನುವ ಹಕ್ಕೂ ಇದೆ.

ಅವರಿಗೆ ಇದ್ದದ್ದು ಪಾಲಿಪ್. ತೆಗೆದರು, ವರದಿಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂತು, ಗರ್ಭಕೋಶ ಉಳಿಯಿತು. ಇನ್ನು ಮುಂದೆ ಹನಿ ಕಂಡರೂ ತಡಮಾಡದೆ ಬರಬೇಕೆಂದು ವೈದ್ಯರು ಹೇಳಿದ್ದಾರೆ.

ವರದಿ ತೋರಿಸಲು ಬಂದ ದಿನ ಸೊಸೆ ಬಾಗಿಲಲ್ಲಿ ಹಿಂಜರಿದು ನಿಂತರು. ಅವರ ಮುಟ್ಟು ಹತ್ತು ದಿನ ನಿಲ್ಲುವುದಿಲ್ಲ, ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು, ಮೆಟ್ಟಿಲು ಹತ್ತಿದರೆ ಏದುಸಿರು. ಏಳು ದಿನಕ್ಕಿಂತ ಹೆಚ್ಚು ಹೋಗುವ ಮುಟ್ಟನ್ನೂ ತೋರಿಸಬೇಕು ಎಂದೆ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಲು ಚೀಟಿ ಬರೆದುಕೊಟ್ಟೆ. ಅತ್ತೆ ಆ ಚೀಟಿಯನ್ನು ತಮ್ಮ ವಹಿಯೊಳಗೆ ಇಟ್ಟುಕೊಂಡು, ಸೋಮವಾರ ತಾವೇ ಕರೆದುಕೊಂಡು ಹೋಗುವುದಾಗಿ ಹೇಳಿದರು.