ಪರೀಕ್ಷೆಯಲ್ಲಿ 10, ಸಂಪರ್ಕದಲ್ಲಿ 8: ಸಿ ಭಾಷೆಯಲ್ಲಿ ಐಪಿ ವಿಳಾಸದ ತಪಾಸಣೆ

ಪ್ರಶ್ನೆ: ಲಿನಕ್ಸ್ ಮೇಲೆ ಓಡುವ ಒಂದು ಸಣ್ಣ ಗೇಟ್‌ವೇ ಸಾಧನಕ್ಕೆ ಸಿ ಭಾಷೆಯಲ್ಲಿ ಕೋಡ್ ಬರೆಯುತ್ತಿದ್ದೇನೆ. ಬಳಕೆದಾರರು ಕೊಡುವ ಐಪಿ ವಿಳಾಸವನ್ನು ಎಸ್‌ಸ್ಕ್ಯಾನ್‌ಎಫ್‌ನಿಂದ ನಾಲ್ಕು ಸಂಖ್ಯೆಗಳಾಗಿ ಒಡೆದು, ಒಂದೊಂದೂ 0ರಿಂದ 255ರೊಳಗೆ ಇದೆಯೇ ಎಂದು ನೋಡುತ್ತೇನೆ. ಸರಿಯಿದ್ದರೆ ಅದೇ ಸ್ಟ್ರಿಂಗನ್ನು ವಿಳಾಸವನ್ನು 32 ಬಿಟ್ ಸಂಖ್ಯೆಯಾಗಿ ಬದಲಿಸುವ ಐನೆಟ್_ಅಡ್ರ್‌ಗೆ ಕೊಟ್ಟು ಸಂಪರ್ಕ ಮಾಡುತ್ತೇನೆ. 010.0.0.1 ಎಂದು ಕೊಟ್ಟರೆ ಸಾಧನ ಬೇರೆ ಇನ್ನೆಲ್ಲಿಗೋ ಹೋಗುತ್ತಿದೆ ಎಂದು ಟೆಸ್ಟಿಂಗ್‌ನವರು ಹೇಳುತ್ತಿದ್ದಾರೆ. ಲಾಗ್‌ನಲ್ಲಿ ಮೂಲ ಮತ್ತು ಗುರಿ ವಿಳಾಸಗಳೆರಡೂ ಒಂದೇ ಆಗಿ ಕಾಣುತ್ತಿವೆ. ತಪ್ಪು ಎಲ್ಲಿದೆ ಸರ್?

ಉತ್ತರ: ನಿಮ್ಮ ಟೆಸ್ಟಿಂಗ್‌ನವರಿಗೆ ಮೊದಲು ಧನ್ಯವಾದ ಹೇಳಿ, ಅವರು ಹಿಡಿದಿರುವುದು ನಿಜಕ್ಕೂ ಅಪಾಯಕಾರಿ ದೋಷ. ಎಸ್‌ಸ್ಕ್ಯಾನ್‌ಎಫ್ ಒಳಗೆ ನೀವು ದಶಮಾನದ ಸೂಚನೆ ಕೊಟ್ಟಿರುವುದರಿಂದ 010 ಅಂದರೆ ಅದಕ್ಕೆ 10. ಐನೆಟ್_ಅಡ್ರ್ ಹಾಗಲ್ಲ. ಸಿ ಭಾಷೆಯ ಅಂಕಿಗಳ ಪದ್ಧತಿಯನ್ನೇ ಅದು ಅನುಸರಿಸುತ್ತದೆ, ಮುಂದೆ ಸೊನ್ನೆ ಇದ್ದರೆ ಅಷ್ಟಮಾನ (8ರ ಆಧಾರದ ಎಣಿಕೆ) ಎಂದು ಓದುತ್ತದೆ. ಹಾಗಾಗಿ 010 ಅಂದರೆ 8. ನೀವು ಪರೀಕ್ಷಿಸಿ ಒಪ್ಪಿದ್ದು 10.0.0.1 ಎಂಬ ಖಾಸಗಿ ವಿಳಾಸವನ್ನು, ಸಾಧನ ಹೊರಟಿದ್ದು 8.0.0.1 ಎಂಬ ಹೊರಗಿನ ವಿಳಾಸಕ್ಕೆ.

ಇದಕ್ಕೆ ಪರೀಕ್ಷೆಯನ್ನು ಇನ್ನಷ್ಟು ಬಿಗಿ ಮಾಡುವುದು ಪರಿಹಾರವಲ್ಲ. ಒಂದೇ ಸ್ಟ್ರಿಂಗನ್ನು ಎರಡು ಬೇರೆ ಬೇರೆ ಪಾರ್ಸರ್‌ಗಳು (ಸ್ಟ್ರಿಂಗನ್ನು ಬಿಡಿಸಿ ಅರ್ಥ ಮಾಡುವ ಕೋಡ್‌ಗಳು) ಓದುತ್ತಿರುವುದೇ ಮೂಲ ದೋಷ. ಇಬ್ಬರು ಓದುವಾಗ ಅರ್ಥ ಎರಡಾಗುವ ಸಾಧ್ಯತೆ ಯಾವಾಗಲೂ ಇರುತ್ತದೆ. ಫೈರ್‌ವಾಲ್ ನಿಯಮವೋ ಒಳಜಾಲದ ರಕ್ಷಣೆಯೋ ಆ ಪರೀಕ್ಷೆಯನ್ನು ನಂಬಿಕೊಂಡಿದ್ದರೆ, ದಾಳಿ ಮಾಡುವವರು ನುಸುಳುವುದು ಆ ವ್ಯತ್ಯಾಸದಲ್ಲೇ. 2021ರಲ್ಲಿ ಪೈಥಾನ್, ಗೋ, ರಸ್ಟ್ ಮೂರೂ ಭಾಷೆಗಳ ಗ್ರಂಥಾಲಯಗಳಲ್ಲಿ ಇದೇ ಮುಂದಿನ ಸೊನ್ನೆಯ ವಿಷಯ ಭದ್ರತಾ ದೋಷವಾಗಿ ದಾಖಲಾಯಿತು. ಅವು ಸೊನ್ನೆಯನ್ನು ನುಂಗಿ ದಶಮಾನವಾಗಿ ಓದುತ್ತಿದ್ದವು, ವ್ಯವಸ್ಥೆಯ ಇನ್ನೊಂದು ಮೂಲೆಯ ಕೋಡ್ ಅಷ್ಟಮಾನವಾಗಿ ಓದುತ್ತಿತ್ತು. ಮೂರೂ ಕಡೆ ಕೊನೆಗೆ ಆದ ತೀರ್ಮಾನ ಒಂದೇ: ಮುಂದೆ ಸೊನ್ನೆಯಿರುವ ಭಾಗವನ್ನು ಒಪ್ಪುವುದೇ ಬೇಡ.

ಐನೆಟ್_ಅಡ್ರ್‌ನ ಔದಾರ್ಯ ಇಷ್ಟಕ್ಕೇ ಮುಗಿಯುವುದಿಲ್ಲ. 127.1 ಎಂದರೂ, 2130706433 ಎಂದು ಒಂದೇ ಸಂಖ್ಯೆ ಕೊಟ್ಟರೂ ಅದು 127.0.0.1 ಎಂದೇ ಓದುತ್ತದೆ. ಜೊತೆಗೆ, ತಪ್ಪು ಸ್ಟ್ರಿಂಗ್ ಬಂದಾಗ ಅದು ಹಿಂತಿರುಗಿಸುವ ಮೌಲ್ಯದಲ್ಲಿ 32 ಬಿಟ್‌ಗಳೂ 1. ಅದೇ ಮೌಲ್ಯ 255.255.255.255 ಎಂಬ ಸರಿಯಾದ ಬ್ರಾಡ್‌ಕಾಸ್ಟ್ ವಿಳಾಸವೂ ಹೌದು. ತಪ್ಪಾಯಿತೋ, ಬಳಕೆದಾರರೇ ಆ ವಿಳಾಸ ಕೊಟ್ಟರೋ ಎಂದು ತಿಳಿಯುವ ದಾರಿಯೇ ಇಲ್ಲ. ಹೊಸ ಕೋಡ್‌ನಲ್ಲಿ ಈ ಫಂಕ್ಷನ್ ಇರಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಸ್‌ಸ್ಕ್ಯಾನ್‌ಎಫ್ ಕೂಡ ಈ ಕೆಲಸಕ್ಕೆ ಆಗಿಬರುವುದಿಲ್ಲ. ವಿಳಾಸದ ಹಿಂದೆ ಏನೇ ಕಸ ಅಂಟಿಕೊಂಡಿದ್ದರೂ ನಾಲ್ಕು ಸಂಖ್ಯೆ ಸಿಕ್ಕಿತು ಎಂದು ಅದು ತೃಪ್ತಿಪಡುತ್ತದೆ. ಖಾಲಿ ಜಾಗ, ಪ್ಲಸ್ ಚಿಹ್ನೆ ಎಲ್ಲವನ್ನೂ ಬಿಟ್ಟುಕೊಳ್ಳುತ್ತದೆ. ಇಂಟ್‌ನಲ್ಲಿ ಹಿಡಿಸದಷ್ಟು ದೊಡ್ಡ ಸಂಖ್ಯೆ ಬಂದರೆ ಏನಾಗಬೇಕೆಂದು ಸಿ ಮಾನದಂಡ ಹೇಳುವುದೂ ಇಲ್ಲ.

ಎರಡನ್ನೂ ತೆಗೆದು, ಸ್ಟ್ರಿಂಗನ್ನು ವಿಳಾಸದ ಬೈಟ್‌ಗಳಾಗಿ ಬದಲಿಸುವ ಐನೆಟ್_ಪಿಟಾನ್ ಒಂದನ್ನೇ ಬಳಸಿ. ಐಪಿವಿ4ಕ್ಕೆ ಅದು ಒಪ್ಪುವುದು ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ದಶಮಾನ ಸಂಖ್ಯೆಗಳನ್ನು ಮಾತ್ರ. ಲಿನಕ್ಸ್‌ನ ಜಿಲಿಬ್‌ಸಿ ಮತ್ತು ಸಣ್ಣ ಸಾಧನಗಳಲ್ಲಿ ಹೆಚ್ಚಾಗಿ ಕಾಣುವ ಮಸ್ಲ್ ಎಂಬ ಸಿ ಗ್ರಂಥಾಲಯಗಳೆರಡೂ ಮುಂದಿನ ಸೊನ್ನೆಯನ್ನು ತಿರಸ್ಕರಿಸುತ್ತವೆ. ಆದರೆ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗಿರುವ ಪಾಸಿಕ್ಸ್ ಮಾನದಂಡ ಹೇಳುವುದು ‘ಒಂದರಿಂದ ಮೂರು ಅಂಕಿಗಳು’ ಎಂದಷ್ಟೇ. ಬೇರೆ ಗ್ರಂಥಾಲಯದ ಮೇಲೆ ಕೋಡ್ ಓಡಿಸುವುದಾದರೆ 010.0.0.1 ಅನ್ನು ನಿಮ್ಮ ಪರೀಕ್ಷೆಗಳ ಪಟ್ಟಿಯಲ್ಲಿ ಕಾಯಂ ಆಗಿ ಇಟ್ಟುಕೊಳ್ಳಿ.

ಅದು ಹಿಂತಿರುಗಿಸುವ ಮೌಲ್ಯದ ಬಗ್ಗೆ ಎಚ್ಚರ. ಸರಿಯಿದ್ದರೆ 1, ಸ್ಟ್ರಿಂಗ್ ತಪ್ಪಿದ್ದರೆ 0, ವಿಳಾಸದ ಕುಟುಂಬವೇ (ಐಪಿವಿ4, ಐಪಿವಿ6 ಎಂಬ ಬಗೆ) ಗೊತ್ತಿಲ್ಲದಿದ್ದರೆ -1. ಸಿ ಭಾಷೆಯಲ್ಲಿ -1 ಕೂಡ ‘ನಿಜ’ವೇ. ಆದ್ದರಿಂದ ಬರೀ ಇಫ್ ಒಳಗೆ ಹಾಕಿ ಬಿಟ್ಟರೆ ಸಾಲದು, 1ಕ್ಕೆ ಸಮವೇ ಎಂದೇ ಹೋಲಿಸಿ.

ಸಿಕ್ಕ 4 ಬೈಟ್‌ಗಳನ್ನೇ ಇಟ್ಟುಕೊಂಡು ಮೂಲ ಸ್ಟ್ರಿಂಗನ್ನು ಅಲ್ಲೇ ಬಿಟ್ಟುಬಿಡಿ. ನಿಯಮ ನೋಡುವುದು, ಸಂಪರ್ಕಿಸುವುದು, ಉಳಿಸುವುದು ಎಲ್ಲ ಆ ಬೈಟ್‌ಗಳಿಂದಲೇ ಆಗಲಿ. ಮನುಷ್ಯರಿಗೆ ತೋರಿಸಬೇಕಾದಾಗ ಮಾತ್ರ ಬೈಟ್‌ಗಳಿಂದ ಹೊಸದಾಗಿ ಸ್ಟ್ರಿಂಗ್ ಮಾಡಿ. ಹೀಗೆ ಮಾಡಿದರೆ ಪರೀಕ್ಷೆಯ ಫಲಿತಾಂಶವೂ ಬಳಸುವ ಮೌಲ್ಯವೂ ಒಂದೇ ವಸ್ತುವಾಗುತ್ತವೆ, ಭಿನ್ನವಾಗಲು ಜಾಗವೇ ಇರುವುದಿಲ್ಲ.

ಇನ್ನು ಲಾಗ್ ವಿಷಯ. ನೀವು ಹೇಳಿಲ್ಲ, ಆದರೆ ಒಂದೇ ಪ್ರಿಂಟ್‌ಎಫ್ ಸಾಲಿನಲ್ಲಿ, ವಿಳಾಸವನ್ನು ಸ್ಟ್ರಿಂಗ್ ಮಾಡಿಕೊಡುವ ಐನೆಟ್_ಎನ್‌ಟೋಎಯನ್ನು ಎರಡು ಸಲ ಕರೆದಿರುತ್ತೀರಿ. ಆ ಫಂಕ್ಷನ್ ಉತ್ತರವನ್ನು ತನ್ನದೇ ಒಂದು ಸ್ಥಿರ ಬಫರ್‌ನಲ್ಲಿ ಬರೆದು ಅದರ ಪಾಯಿಂಟರ್ ಕೊಡುತ್ತದೆ. ಎರಡನೇ ಕರೆ ಮೊದಲನೆಯದರ ಮೇಲೆಯೇ ಬರೆದುಬಿಡುತ್ತದೆ, ಪ್ರಿಂಟ್‌ಎಫ್ ಒಂದೇ ಬಫರನ್ನು ಎರಡು ಸಲ ಮುದ್ರಿಸುತ್ತದೆ. ಅದರ ಬದಲು ಐನೆಟ್_ಎನ್‌ಟಾಪ್ ಬಳಸಿ, ಎರಡು ವಿಳಾಸಕ್ಕೆ ಎರಡು ಬಫರ್ ಕೊಡಿ. ಐಪಿವಿ4ಕ್ಕೆ 16 ಬೈಟ್ ಬೇಕು: 255.255.255.255ರ 15 ಅಕ್ಷರ, ಕೊನೆಯ ನಲ್ ಸೇರಿ 16. ಐಪಿವಿ6ಕ್ಕೆ 46. ಈ ಸಂಖ್ಯೆಗಳನ್ನು ಕೈಯಾರೆ ಬರೆಯದೆ ಹೆಡರ್‌ನಲ್ಲಿರುವ ಸ್ಥಿರಾಂಕಗಳನ್ನೇ ಬಳಸಿ.

ಬೈಟ್‌ಗಳನ್ನು ನೀವೇ ಮುದ್ರಿಸಲು ಹೊರಟರೆ ಇನ್ನೆರಡು ತೊಂದರೆ ಎದುರಾಗುತ್ತವೆ. ಬರೀ ಚಾರ್ ಎಂದು ಘೋಷಿಸಿದ್ದರೆ ಎಕ್ಸ್86 ಯಂತ್ರಗಳಲ್ಲಿ ಅದಕ್ಕೆ ಋಣಚಿಹ್ನೆ ಇರುತ್ತದೆ, ಆಗ 192.168 ಎಂಬುದು -64.-88 ಎಂದು ಮೂಡುತ್ತದೆ. ಅನ್‌ಸೈನ್ಡ್ ಚಾರ್ ಬೇಕು. ವಿಳಾಸವನ್ನು 32 ಬಿಟ್ ಸಂಖ್ಯೆಯಾಗಿ ನೋಡಿದರೆ ಅದು ನೆಟ್‌ವರ್ಕ್ ಬೈಟ್ ಕ್ರಮದಲ್ಲಿರುತ್ತದೆ (ದೊಡ್ಡ ಬೈಟ್ ಮೊದಲು). ಎಕ್ಸ್86 ಯಂತ್ರಗಳಲ್ಲಿ ಎನ್‌ಟೋಎಚ್‌ಎಲ್‌ನಿಂದ ಅದನ್ನು ಯಂತ್ರದ ಕ್ರಮಕ್ಕೆ ತರದೆ ಶಿಫ್ಟ್ ಮಾಡುತ್ತಾ ಮೇಲಿನ ಬೈಟ್‌ನಿಂದ ಮುದ್ರಿಸಿದರೆ 192.0.2.7 ತಿರುಗಿ 7.2.0.192 ಆಗುತ್ತದೆ.

ಪ್ರಶ್ನೆ: ಐಪಿವಿ6 ವಿಳಾಸ ಪರೀಕ್ಷಿಸಲು ಒಂದು ಒಳ್ಳೆಯ ರೆಜೆಕ್ಸ್ (ಅಕ್ಷರಗಳ ಮಾದರಿ ಹೇಳುವ ಸೂತ್ರ) ತಿಳಿಸಿ. ಎರಡು ವಿಳಾಸ ಒಂದೇ ಹೌದೋ ಅಲ್ಲವೋ ಎಂದು ಸ್ಟ್ರಿಂಗ್ ಹೋಲಿಕೆಯಿಂದ ನೋಡಬಹುದೇ?

ಉತ್ತರ: ರೆಜೆಕ್ಸ್ ಬೇಡ. ಜೋಡಿ ಕೋಲನ್ ಒಂದು ಸಲಕ್ಕಿಂತ ಹೆಚ್ಚು ಬರಬಾರದು, ಅದು ಎಲ್ಲಿ ಬೇಕಾದರೂ ಬರಬಹುದು, ಕೊನೆಯ 32 ಬಿಟ್‌ಗಳನ್ನು ಚುಕ್ಕಿಯ ರೂಪದಲ್ಲೂ ಬರೆಯಬಹುದು. ಇವೆಲ್ಲವನ್ನೂ ಹಿಡಿಯುವ ರೆಜೆಕ್ಸ್ ಬರೆದವರಿಗೇ ತಿಂಗಳ ನಂತರ ಓದಲಾಗುವುದಿಲ್ಲ. ಮೇಲೆ ಹೇಳಿದ ಎರಡು ಪಾರ್ಸರ್‌ಗಳ ತೊಂದರೆ ಇಲ್ಲೂ ಬಂದು ಕೂರುತ್ತದೆ. ಐನೆಟ್_ಪಿಟಾನ್‌ಗೆ ಐಪಿವಿ6ರ ಕುಟುಂಬ ಕೊಟ್ಟರೆ 16 ಬೈಟ್ ಸಿಗುತ್ತವೆ.

ಸ್ಟ್ರಿಂಗ್ ಹೋಲಿಕೆಯಂತೂ ಖಂಡಿತ ಆಗದು. ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ವಿಳಾಸವನ್ನೇ ನೋಡಿ: 2001:4860:4860::8888 ಮತ್ತು 2001:4860:4860:0:0:0:0:8888 ಎರಡೂ ಒಂದೇ. 16 ಬೈಟ್‌ಗಳನ್ನು ಮೆಮ್‌ಕಂಪ್‌ನಿಂದ ಹೋಲಿಸಿ. ಬರೆಯುವಾಗ ಯಾವ ರೂಪ ಎಂಬುದಕ್ಕೆ 2010ರ ಆರ್‌ಎಫ್‌ಸಿ 5952 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆ ಇದೆ: ಅಕ್ಷರಗಳು ಸಣ್ಣವಿರಲಿ, ಪ್ರತಿ ಗುಂಪಿನ ಮುಂದಿನ ಸೊನ್ನೆ ಬಿಡಿ, ಅತಿ ಉದ್ದದ ಸೊನ್ನೆಗಳ ಸಾಲನ್ನು ಜೋಡಿ ಕೋಲನ್ ಮಾಡಿ, ಉದ್ದ ಸಮವಿದ್ದರೆ ಮೊದಲನೆಯದನ್ನು. ಒಂಟಿ ಸೊನ್ನೆಯ ಗುಂಪನ್ನು ಕುಗ್ಗಿಸಬೇಡಿ. ಪೋರ್ಟ್ ಸೇರಿಸುವಾಗ ವಿಳಾಸವನ್ನು ಚೌಕ ಕಂಸದಲ್ಲಿಡಿ, ಇಲ್ಲದಿದ್ದರೆ ಕೊನೆಯ ಕೋಲನ್ ಪೋರ್ಟಿನದೋ ವಿಳಾಸದ್ದೋ ತಿಳಿಯದು.

ಒಂದು ವಿಷಯ ಮಾತ್ರ ಬೈಟ್ ಹೋಲಿಕೆಗೂ ಸಿಗುವುದಿಲ್ಲ. ಎರಡೂ ಆವೃತ್ತಿಗಳಿಗೆ ತೆರೆದಿಟ್ಟ ಐಪಿವಿ6 ಸಾಕೆಟ್‌ಗೆ ಐಪಿವಿ4ರವರು ಬಂದರೆ, ಅವರ ವಿಳಾಸ ::ಎಫ್‌ಎಫ್‌ಎಫ್‌ಎಫ್:192.0.2.7 ಎಂಬ ರೂಪದಲ್ಲಿ ಬರುತ್ತದೆ. ನಿಮ್ಮ ನಿರ್ಬಂಧದ ಪಟ್ಟಿಯಲ್ಲಿ ಬರೀ 192.0.2.7 ಇದ್ದರೆ ಅವರು ಸಲೀಸಾಗಿ ಒಳಗೆ ಬಂದುಬಿಡುತ್ತಾರೆ. ಹೋಲಿಸುವ ಮೊದಲೇ ಈ ರೂಪವನ್ನು ಗುರುತಿಸಿ (ಅದಕ್ಕೆ ಹೆಡರ್‌ನಲ್ಲೇ ಮ್ಯಾಕ್ರೋ ಇದೆ), ಕೊನೆಯ 4 ಬೈಟ್‌ಗಳನ್ನು ಐಪಿವಿ4 ಆಗಿ ತೆಗೆದುಕೊಳ್ಳಿ.

ಪ್ರಶ್ನೆ: ಸಬ್‌ನೆಟ್ ಮಾಸ್ಕ್ ಜಾಗದಲ್ಲಿ 255.255.0.255 ಕೊಟ್ಟರೂ ಐನೆಟ್_ಪಿಟಾನ್ ಒಪ್ಪುತ್ತಿದೆ. ತಡೆಯುವುದು ಹೇಗೆ?

ಉತ್ತರ: ವಿಳಾಸವಾಗಿ ಅದು ಸರಿಯೇ, ಮಾಸ್ಕ್ ಆಗಿ ಅಲ್ಲ. ಮಾಸ್ಕ್ ಎಂದರೆ ವಿಳಾಸದ ಎಷ್ಟು ಬಿಟ್‌ಗಳು ಜಾಲದ್ದು ಎಂದು ಹೇಳುವ ಸಂಖ್ಯೆ, ಅದರಲ್ಲಿ 1ಗಳೆಲ್ಲ ಮೊದಲು, 0ಗಳೆಲ್ಲ ಆಮೇಲೆ ಬರಬೇಕು. ಎನ್‌ಟೋಎಚ್‌ಎಲ್ ಮಾಡಿ, ಬಿಟ್‌ಗಳನ್ನು ತಲೆಕೆಳಗು ಮಾಡಿ, ಆ ಸಂಖ್ಯೆಗೂ ಅದಕ್ಕೆ 1 ಕೂಡಿಸಿದ ಸಂಖ್ಯೆಗೂ ಬಿಟ್‌ವೈಸ್ ಆಂಡ್ ಮಾಡಿ. 0 ಬಂದರೆ ಮಾಸ್ಕ್ ಸರಿ. 255.255.255.0ಕ್ಕೆ ತಲೆಕೆಳಗಿನ ಸಂಖ್ಯೆ 255, ಒಂದು ಕೂಡಿಸಿದರೆ 256, ಎರಡರಲ್ಲೂ ಸಾಮಾನ್ಯವಾದ ಬಿಟ್ ಇಲ್ಲ. ನಿಮ್ಮ ಉದಾಹರಣೆಯಲ್ಲಿ 65280 ಮತ್ತು 65281, ಅಲ್ಲಿ 65280 ಹಾಗೇ ಉಳಿಯುತ್ತದೆ.

ಇದರ ವಿರುದ್ಧ ದಿಕ್ಕಿನಲ್ಲಿ, ಅಂದರೆ 24ರಂಥ ಪ್ರಿಫಿಕ್ಸ್‌ನಿಂದ (ಮಾಸ್ಕ್‌ನಲ್ಲಿರುವ 1ಗಳ ಎಣಿಕೆಯಿಂದ) ಮಾಸ್ಕ್ ತಯಾರಿಸುವಾಗ, ಪ್ರಿಫಿಕ್ಸ್ 0 ಆದರೆ 32 ಬಿಟ್ ಸಂಖ್ಯೆಯನ್ನು 32 ಸ್ಥಾನ ಶಿಫ್ಟ್ ಮಾಡಿದಂತಾಗುತ್ತದೆ. ಸಿ ಭಾಷೆಯಲ್ಲಿ ಅದಕ್ಕೆ ಅರ್ಥವೇ ಇಲ್ಲ. ಎಕ್ಸ್86 ಪ್ರೊಸೆಸರ್‌ನ ಶಿಫ್ಟ್ ಸೂಚನೆ 32ನ್ನು 0 ಎಂದೇ ಪರಿಗಣಿಸುವುದರಿಂದ ಮಾಸ್ಕ್ 255.255.255.255 ಆಗಿ ಉಳಿದುಬಿಡಬಹುದು, ‘ಎಲ್ಲರಿಗೂ’ ಎಂದು ಬರೆದ ನಿಯಮ ಒಂದೇ ಒಂದು ವಿಳಾಸದ ನಿಯಮವಾಗಬಹುದು. ಪ್ರಿಫಿಕ್ಸ್ 0 ಇದ್ದರೆ ಶಿಫ್ಟ್ ಮಾಡದೆ ನೇರವಾಗಿ 0 ಹಿಂತಿರುಗಿಸಿ, 32ಕ್ಕಿಂತ ಹೆಚ್ಚಿದ್ದರೆ ಅಲ್ಲೇ ತಿರಸ್ಕರಿಸಿ.