ಫೋನ್ ಬೇರೆ, ಸಿಮ್ ಬೇರೆ: ಎರಡಕ್ಕೂ ಒಂದೇ ಗಂಟು ಹಾಕಬೇಡಿ

ಕಾಲೇಜು ಶುರುವಾಗುವ ಹೊತ್ತಿಗೆ ನಮ್ಮ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಫೋನಿನದ್ದೇ. ಯಾವ ಫೋನ್, ಯಾವ ಪ್ಲಾನ್, ಪ್ರೀಪೇಯ್ಡಾ ಪೋಸ್ಟ್‌ಪೇಯ್ಡಾ? ಈ ಸಲ ಬಂದವುಗಳಲ್ಲಿ ಐದನ್ನು ಆರಿಸಿದ್ದೇವೆ.

ಪ್ರಶ್ನೆ: ನಮ್ಮ ಮನೆ ಕಾರ್ಕಳ ತಾಲೂಕಿನ ಬಜಗೋಳಿ ಹತ್ತಿರ. ಮಗ ನಿಟ್ಟೆಯಲ್ಲಿ ಇಂಜಿನಿಯರಿಂಗ್ ಸೇರಿದ್ದಾನೆ, ಹಾಸ್ಟೆಲಿನಲ್ಲಿರುತ್ತಾನೆ. ಅವನಿಗೆ 20,000 ರೂಪಾಯಿ ಒಳಗೆ ಫೋನ್ ಬೇಕು. ಅಂಗಡಿಯವರು ‘ನೋ ಕಾಸ್ಟ್ ಇಎಂಐ’ ಅಂತಾರೆ. ನಮ್ಮ ಯಜಮಾನರು ನಾಲ್ಕೂ ಜನರಿಗೆ ಒಂದೇ ಪೋಸ್ಟ್‌ಪೇಯ್ಡ್ ಫ್ಯಾಮಿಲಿ ಪ್ಲಾನ್ ಮಾಡಿಸುವ ಅಂತಿದ್ದಾರೆ. ಎಂತ ಮಾಡುವುದು? (ಗೃಹಿಣಿ, ಬಜಗೋಳಿ)

ಉತ್ತರ: ಮೊದಲು ಫೋನ್ ಅಂಗಡಿಗೆ ಹೋಗಬೇಡಿ ಅಮ್ಮ. ಮೊದಲು ನೆಟ್‌ವರ್ಕ್ ನೋಡಿ. ಘಟ್ಟದ ಬುಡದ ನಮ್ಮ ಊರುಗಳಲ್ಲಿ ರಸ್ತೆಯಲ್ಲಿ ನಾಲ್ಕು ಕಡ್ಡಿ ಇರುತ್ತದೆ, ತೋಟಕ್ಕೆ ಇಳಿದರೆ ಒಂದು, ಕೆಂಪುಕಲ್ಲಿನ ದಪ್ಪ ಗೋಡೆಯ ಮನೆಯೊಳಗೆ ಅದೂ ಇಲ್ಲ. ಕಂಪನಿಗಳು ಈಗ ತಮ್ಮ ಜಾಲತಾಣದಲ್ಲಿ ಕವರೇಜ್ ನಕ್ಷೆ ಹಾಕಲೇಬೇಕು, ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮವೇ ಇದೆ. ಆದರೆ ನಿಮ್ಮ ಅಡುಗೆಮನೆಯಲ್ಲಿ ಏನಾಗುತ್ತದೆ ಅಂತ ನಕ್ಷೆ ಹೇಳುವುದಿಲ್ಲ.

ಹಾಗಾಗಿ ಹೀಗೆ ಮಾಡಿ. ಮನೆಗೆ ನೆಂಟರು ಬಂದಾಗ ಬೇರೆ ಬೇರೆ ಕಂಪನಿಯ ಸಿಮ್ ಇರುವ ಫೋನ್ ಹಿಡಿದು ನೋಡಿ. ಕಡ್ಡಿ ಲೆಕ್ಕ ಬೇಡ, ಒಂದೊಂದು ಫೋನ್ ಒಂದೊಂದು ಥರ ತೋರಿಸುತ್ತದೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಅಂತ ಹೋದರೆ ‘ಸಿಗ್ನಲ್ ಸ್ಟ್ರೆಂತ್’ ಎದುರು ಮೈನಸ್ ಸಂಖ್ಯೆ ಕಾಣುತ್ತದೆ. 4ಜಿಯಲ್ಲಿ ಮೈನಸ್ 90 ಆಸುಪಾಸು ಇದ್ದರೆ ಒಳ್ಳೆಯದು. ಮೈನಸ್ 110 ದಾಟಿ ಇನ್ನೂ ಕೆಳಗಿಳಿದರೆ ಕಾಲ್ ಕಟ್ ಆಗುತ್ತಲೇ ಇರುತ್ತದೆ. ಚಾವಡಿ, ಅಡುಗೆಮನೆ, ಮಲಗುವ ಕೋಣೆ ಮೂರರಲ್ಲೂ ನೋಡಿ. ಇದೇ ಪರೀಕ್ಷೆಯನ್ನು ನಿಟ್ಟೆ ಹಾಸ್ಟೆಲಿನ ರೂಮಿನಲ್ಲಿ ಮಗ ಮಾಡಲಿ.

ಅವನಿಗೆ ಅಲ್ಲಿ ಚೆನ್ನಾಗಿ ಸಿಗುವುದು ಒಂದು ಕಂಪನಿ, ನಿಮಗೆ ಮನೆಯಲ್ಲಿ ಸಿಗುವುದು ಇನ್ನೊಂದು ಅಂತಾದರೆ ಫ್ಯಾಮಿಲಿ ಪ್ಲಾನಿನ ಮಾತು ಅಲ್ಲಿಗೇ ಮುಗಿಯಿತು. ಆ ಪ್ಲಾನಿನಲ್ಲಿ ನಾಲ್ಕೂ ಜನ ಒಂದೇ ಕಂಪನಿಯಲ್ಲಿರಬೇಕು. ಒಂದು ತಿಂಗಳು ಬಿಲ್ ಕಟ್ಟಲು ಮರೆತರೆ ನಾಲ್ಕೂ ನಂಬರ್ ಒಟ್ಟಿಗೆ ನಿಂತುಬಿಡುವ ಕಿರಿಕಿರಿ ಬೇರೆ. ಬಾಕಿ ಇಟ್ಟುಕೊಂಡು ಅದೇ ನಂಬರಿನಲ್ಲಿ ಬೇರೆ ಕಂಪನಿಗೆ ಪೋರ್ಟ್ ಆಗುವುದಕ್ಕೂ ಬರುವುದಿಲ್ಲ.

ದುಡ್ಡಿನ ಲೆಕ್ಕ ಹಾಕುವಾಗ ಎರಡು ಕಡೆ ಜನ ಎಡವುತ್ತಾರೆ. ಪ್ರೀಪೇಯ್ಡ್ ರೀಚಾರ್ಜ್ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಪೋಸ್ಟ್‌ಪೇಯ್ಡ್ ಜಾಹೀರಾತಿನಲ್ಲಿ ತೋರಿಸುವ ಬೆಲೆಗೆ ಶೇ. 18 ಜಿಎಸ್‌ಟಿ ಆಮೇಲೆ ಸೇರುತ್ತದೆ. 500 ಅಂದದ್ದು ಬಿಲ್ಲಿನಲ್ಲಿ 590. ಹಾಗಂತ ಪ್ರೀಪೇಯ್ಡಿನವರೇನೂ ಸತ್ಯಹರಿಶ್ಚಂದ್ರರಲ್ಲ. ಅವರ ‘ತಿಂಗಳು’ 28 ದಿನ. ವರ್ಷಕ್ಕೆ 12 ಸಲ ಅಲ್ಲ, 13 ಸಲ ರೀಚಾರ್ಜ್. 84 ದಿನದ ಪ್ಯಾಕನ್ನು ನಾಲ್ಕು ಸಲ ಹಾಕಿದರೂ 336 ದಿನವೇ ಆಯಿತು, ಉಳಿದ 29 ದಿನಕ್ಕೆ ಮತ್ತೆ ಕೈ ಹಾಕಬೇಕು. ಇದರ ಮೇಲೆ ತುಂಬಾ ದೂರು ಬಂದ ಮೇಲೆ 2022ರಲ್ಲಿ ಟ್ರಾಯ್, ಪ್ರತಿ ಕಂಪನಿಯೂ 30 ದಿನದ್ದೊಂದು ಮತ್ತು ಪ್ರತಿ ತಿಂಗಳು ಅದೇ ತಾರೀಕಿಗೆ ಬರುವ ಇನ್ನೊಂದು ಪ್ಲಾನ್ ಇಡಲೇಬೇಕು ಅಂತ ಹೇಳಿತು. ಅಂಗಡಿಯವರು ತಾವಾಗಿ ತೋರಿಸುವುದು ಕಡಿಮೆ, ಕೇಳಿ ತೆಗೆದುಕೊಳ್ಳಿ.

ಮನೆಯಲ್ಲಿ ಅಜ್ಜ ಅಜ್ಜಿ ಇದ್ದು, ಅವರಿಗೆ ಕಾಲ್ ಮತ್ತು ಬ್ಯಾಂಕಿನ ಒಟಿಪಿ ಮಾತ್ರ ಸಾಕು ಅಂತಾದರೆ ಡೇಟಾ ಇಲ್ಲದ ಪ್ಯಾಕ್ ಕೇಳಿ. 2024ರ ಡಿಸೆಂಬರಿನಲ್ಲಿ ಬಂದ ಟ್ರಾಯ್ ನಿಯಮದ ಪ್ರಕಾರ ಬರೀ ಕಾಲ್ ಮತ್ತು ಎಸ್‌ಎಂಎಸ್ ಇರುವ ಪ್ಯಾಕನ್ನೂ ಕಂಪನಿಗಳು ಕೊಡಬೇಕು. ವರ್ಷದ ಪ್ಯಾಕೂ ಸಿಗುತ್ತದೆ. ಬಳಸದ ದಿನಕ್ಕೆ 2 ಜಿಬಿಗೆ ಸುಮ್ನೆ ದುಡ್ಡು ಯಾಕೆ, ಅಲ್ವಾ?

ನನ್ನ ಅಭಿಪ್ರಾಯ ಕೇಳಿದರೆ, ಮಗನಿಗೆ ಪ್ರೀಪೇಯ್ಡ್, ನಿಮಗೂ ಪ್ರೀಪೇಯ್ಡ್. ಯಜಮಾನರು ಊರೂರು ತಿರುಗುವ ವ್ಯಾಪಾರದಲ್ಲಿದ್ದು, ಜಿಎಸ್‌ಟಿ ನಂಬರ್ ಹಾಕಿದ ಬಿಲ್ ಬೇಕಿದ್ದರೆ ಅವರೊಬ್ಬರಿಗೆ ಪೋಸ್ಟ್‌ಪೇಯ್ಡ್ ಮಾಡಿಸಿ.

ಈಗ ಫೋನ್. ಡಬ್ಬದ ಮೇಲೆ ‘16 ಜಿಬಿ ರ್ಯಾಮ್’ ಅಂತ ದೊಡ್ಡದಾಗಿ ಇದ್ದರೆ ಕೆಳಗೆ ಸಣ್ಣ ಅಕ್ಷರ ಓದಿ. 8+8 ಅಂತಿರುತ್ತದೆ. ಎರಡನೆಯ 8 ನಿಜವಾದ ರ್ಯಾಮ್ ಅಲ್ಲ, ಸ್ಟೋರೇಜಿನಿಂದ ಕಡ ತೆಗೆದದ್ದು. ನಿಜವಾದ ರ್ಯಾಮ್ 8 ಇದ್ದರೆ ಇಂಜಿನಿಯರಿಂಗ್ ಹುಡುಗನಿಗೆ ಸಾಕು. ಸ್ಟೋರೇಜ್ 128ಕ್ಕಿಂತ ಕಡಿಮೆ ಬೇಡ, ವಾಟ್ಸಾಪ್ ಗ್ರೂಪುಗಳೇ ಅದನ್ನು ತುಂಬಿಸಿಬಿಡುತ್ತವೆ. ಕ್ಯಾಮೆರಾದ ಮೆಗಾಪಿಕ್ಸೆಲ್‌ಗೆ ಮರುಳಾಗಬೇಡಿ. ಅದಕ್ಕಿಂತ ‘ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ?’ ಅಂತ ಕೇಳಿ. ಎರಡು ವರ್ಷ ಕೊಡುವವರೂ ಇದ್ದಾರೆ, ಸ್ಯಾಮ್‌ಸಂಗ್ ಎ16 5ಜಿಯಂಥ ಇದೇ ಬೆಲೆಯ ಫೋನಿಗೆ ಆರು ವರ್ಷ ಹೇಳಿದ್ದೂ ಉಂಟು. ನಾಲ್ಕು ವರ್ಷದ ಕೋರ್ಸಿಗೆ ಹೋಗುವವನಿಗೆ ಇದು ದೊಡ್ಡ ವಿಷಯ. ಆ ಬ್ರಾಂಡಿನ ಸರ್ವಿಸ್ ಸೆಂಟರ್ ಉಡುಪಿಯಲ್ಲೋ ಮಂಗಳೂರಿನಲ್ಲೋ ಇದೆಯಾ ಅಂತಲೂ ವಿಚಾರಿಸಿ.

ಮನೆಯೊಳಗೆ ಸಿಗ್ನಲ್ ಕಡಿಮೆ, ಆದರೆ ಫೈಬರ್ ಇಂಟರ್‌ನೆಟ್ ಇದೆ ಅಂತಾದರೆ ಫೋನಿನಲ್ಲಿ ‘ವೈಫೈ ಕಾಲಿಂಗ್’ ಇರಲೇಬೇಕು. ಮಾಮೂಲು ಕಾಲ್ ವೈಫೈ ಮೂಲಕ ಹೋಗುತ್ತದೆ, ಅದಕ್ಕೆ ಬೇರೆ ಚಾರ್ಜ್ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ರೂಟರೂ ಸತ್ತಿತು ಅನ್ನುವುದು ನೆನಪಿರಲಿ. ರೂಟರಿಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ, ಅದೊಂದು ತೆಗೆದುಬಿಡಿ.

ಕೊನೆಗೆ ಆ ‘ನೋ ಕಾಸ್ಟ್’. ಬಡ್ಡಿ ಇಲ್ಲದ ಸಾಲ ಯಾರೂ ಕೊಡುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಮಾಡಿಸಿದರೆ ಬ್ಯಾಂಕ್ ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಮೊದಲೇ ಬೆಲೆಯಲ್ಲಿ ಇಳಿಸಿ ತೋರಿಸುತ್ತಾರೆ. ಆದರೆ ಆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ ನಿಮ್ಮ ತಲೆಗೆ, ಪ್ರೊಸೆಸಿಂಗ್ ಫೀ ಮತ್ತು ಅದರ ಜಿಎಸ್‌ಟಿಯೂ ನಿಮ್ಮ ತಲೆಗೆ. 20,000ಕ್ಕೆ ಆರು ತಿಂಗಳು, ಬಡ್ಡಿ ಶೇ. 15, ಫೀ 199 ಅಂತ ಹಿಡಿದರೆ ಸುಮಾರು 400 ರೂಪಾಯಿ ಜಾಸ್ತಿ ಹೋಗುತ್ತದೆ. ದೊಡ್ಡ ಮೊತ್ತವಲ್ಲ ನಿಜ. ಆದರೆ ‘ಒಂದೇ ಸಲ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?’ ಅಂತ ಒಮ್ಮೆ ಕೇಳಿ ನೋಡಿ. ನಿಜವಾದ ವ್ಯತ್ಯಾಸ ಆಗ ಗೊತ್ತಾಗುತ್ತದೆ.

ಪ್ರಶ್ನೆ: ಧಕ್ಕೆಯಲ್ಲಿ ಮೀನು ವ್ಯಾಪಾರ ಮಾಡುತ್ತೇನೆ. ಕೈ ಯಾವಾಗಲೂ ಒದ್ದೆ. ಐಪಿ68 ಇರುವ ಫೋನ್ ತೆಗೆದರೆ ನೀರಿಗೆ ಬಿದ್ದರೂ ಏನೂ ಆಗುವುದಿಲ್ಲ ಅಂತಾರೆ, ಹೌದಾ? (ಬೋಳಾರ, ಮಂಗಳೂರು)

ಉತ್ತರ: ಅರ್ಧ ಹೌದು. ಫೋನಿನೊಳಗೆ ಧೂಳು, ನೀರು ಹೋಗುತ್ತದಾ ಅಂತ ನೋಡುವ ಐಪಿ ಪರೀಕ್ಷೆ ನಡೆಯುವುದು ಲ್ಯಾಬಿನಲ್ಲಿ, ಹೊಸ ಫೋನಿನ ಮೇಲೆ, ಸಿಹಿನೀರಿನಲ್ಲಿ. ಐಪಿ67 ಅಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. ಐಪಿ68ರಲ್ಲಿ ಆಳ ಅದಕ್ಕಿಂತ ಜಾಸ್ತಿ, ಎಷ್ಟು ಅಂತ ಕಂಪನಿಯೇ ಹೇಳಬೇಕು. ಐಪಿ54 ಅಂದರೆ ಮಳೆಹನಿ, ಚಿಮ್ಮುವ ನೀರು ಮಾತ್ರ. ಇದರಲ್ಲಿ ಎಲ್ಲಿಯೂ ಉಪ್ಪುನೀರಿನ ಮಾತಿಲ್ಲ. ಧಕ್ಕೆಯಲ್ಲಿ ನಿಮ್ಮ ಕೈಗೆ ಹತ್ತುವುದು ಐಸ್ ಕರಗಿದ ಉಪ್ಪುನೀರು, ಮೀನಿನ ಲೋಳೆ. ಅದು ಚಾರ್ಜಿಂಗ್ ತೂತಿನೊಳಗೆ ಕೂತು ಪಿನ್ನುಗಳನ್ನು ನಿಧಾನಕ್ಕೆ ತಿನ್ನುತ್ತದೆ. ನೀರು ಹೋಗಿ ಹಾಳಾದರೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ, ಡಬ್ಬದ ಮೇಲೆ ಐಪಿ68 ಅಂತ ಬರೆದಿದ್ದರೂ.

ಹಾಗಾಗಿ ಫೋನಿಗೆ ಹತ್ತು ಸಾವಿರ ಜಾಸ್ತಿ ಸುರಿಯುವ ಬದಲು ಕುತ್ತಿಗೆಗೆ ಹಾಕುವ ಪಾರದರ್ಶಕ ಪೌಚ್ ತೆಗೆದುಕೊಳ್ಳಿ. ಒದ್ದೆ ಬೆರಳಿಗೆ ಫಿಂಗರ್‌ಪ್ರಿಂಟ್ ಕೆಲಸ ಮಾಡುವುದಿಲ್ಲ, ಪಿನ್ ಇಟ್ಟುಕೊಳ್ಳಿ. ಫೋನ್ ಆರಿಸುವಾಗ ಅದನ್ನು ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿದು ನೋಡಿ. ಒಳಗೆ ಫಳಫಳ ಅನ್ನುವ ಸ್ಕ್ರೀನ್ ಎಷ್ಟೋ ಸಲ ಬೆಳಗ್ಗೆ ಹತ್ತರ ಬಿಸಿಲಿಗೇ ಕಪ್ಪಾಗಿಬಿಡುತ್ತದೆ.

ಒಂದು ವೇಳೆ ಉಪ್ಪುನೀರಿಗೆ ಬಿದ್ದರೆ ಕೂಡಲೇ ಆಫ್ ಮಾಡಿ. ಐಪಿ67, 68ರ ಫೋನ್ ಆದರೆ ಸಿಹಿನೀರಿನಲ್ಲಿ ಮೆಲ್ಲ ತೊಳೆದು, ತೂತು ಕೆಳಗೆ ಮಾಡಿ ತಟ್ಟಿ, ಗಾಳಿಗೆ ಇಡಿ. ಒಣಗುವ ತನಕ ಚಾರ್ಜಿಗೆ ಹಾಕಲೇಬೇಡಿ. ಅಕ್ಕಿ ಡಬ್ಬಕ್ಕೆ ಹಾಕುವುದೂ ಬೇಡ ಮಾರಾಯ್ರೇ. ಅಕ್ಕಿಯ ಪುಡಿ ಒಳಗೆ ಹೋಗಿ ಹಾಳು ಮಾಡೀತು ಅಂತ ಆಪಲ್ ಕಂಪನಿಯೇ ಎಚ್ಚರಿಸಿದೆ.

ಪ್ರಶ್ನೆ: ನಾನು ದೋಹಾದಲ್ಲಿದ್ದೇನೆ, ಊರು ಉಳ್ಳಾಲ. ಊರಿನ ನಂಬರ್ ಬ್ಯಾಂಕಿಗೆ ಕೊಟ್ಟಿದ್ದೇನೆ. ವರ್ಷಕ್ಕೊಮ್ಮೆ ಮಾತ್ರ ಬರುವವರು ನಂಬರ್ ಉಳಿಸಿಕೊಳ್ಳಲು ಪೋಸ್ಟ್‌ಪೇಯ್ಡ್ ಮಾಡಿಸಬೇಕಾ? ಇಲ್ಲಿಂದ ಐಫೋನ್ 17 ತಂದರೆ ಊರಲ್ಲಿ ಸರಿ ಆಗುತ್ತದಾ?

ಉತ್ತರ: ಪೋಸ್ಟ್‌ಪೇಯ್ಡ್ ಬೇಡ. ವರ್ಷದ 11 ತಿಂಗಳು ಬಳಸದ ನಂಬರಿಗೆ ಬಿಲ್ ಕಟ್ಟುವುದು ದಂಡ.

ಟ್ರಾಯ್ ನಿಯಮದ ಪ್ರಕಾರ 90 ದಿನ ಬಳಸದ ಪ್ರೀಪೇಯ್ಡ್ ನಂಬರನ್ನು ಕಂಪನಿ ರದ್ದು ಮಾಡಬಹುದು. ಆದರೆ ಬ್ಯಾಲೆನ್ಸ್ 20 ರೂಪಾಯಿ ಅಥವಾ ಮೇಲೆ ಇದ್ದರೆ ರದ್ದು ಮಾಡುವ ಹಾಗಿಲ್ಲ, 20 ರೂಪಾಯಿ ಕಡಿದುಕೊಂಡು 30 ದಿನ ಮುಂದಕ್ಕೆ ಹಾಕಬೇಕು. ಇದನ್ನು ಕೇಳಿ ಸುಮಾರು ಜನ ನಿಶ್ಚಿಂತೆಯಿಂದ ಇರುತ್ತಾರೆ. ನಂಬರ್ ಜೀವಂತ ಇರುವುದು ಬೇರೆ, ಅದಕ್ಕೆ ಒಟಿಪಿ ಬರುವುದು ಬೇರೆ. ಪ್ಯಾಕಿನ ಅವಧಿ ಮುಗಿದು ಕೆಲವು ದಿನಕ್ಕೆ ಒಳಬರುವ ಸೇವೆಯೂ ನಿಲ್ಲುತ್ತದೆ. ಹಾಗಾಗಿ ಮೇಲೆ ಹೇಳಿದ ಡೇಟಾ ಇಲ್ಲದ ವರ್ಷದ ಪ್ಯಾಕ್ ಹಾಕಿ, ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿಕೊಂಡೇ ವಿಮಾನ ಹತ್ತಿ. ರೋಮಿಂಗಿನಲ್ಲಿ ಒಳಬರುವ ಎಸ್‌ಎಂಎಸ್‌ಗೆ ಚಾರ್ಜ್ ಇಲ್ಲ. ಕಾಲ್ ಎತ್ತಿದರೆ ಮಾತ್ರ ಜೇಬಿಗೆ ಕತ್ತರಿ. ಡೇಟಾ ರೋಮಿಂಗ್ ಆಫ್ ಇರಲಿ.

ಯುಪಿಐ ಬೇಕು ಅಂತಿದ್ದರೆ ಇನ್ನೊಂದು ದಾರಿ ಉಂಟು. ಅನಿವಾಸಿ ಭಾರತೀಯರ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ 10 ದೇಶಗಳ ಮೊಬೈಲ್ ನಂಬರಿನಿಂದಲೇ ಯುಪಿಐ ಮಾಡಲು 2023ರಲ್ಲಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಅವಕಾಶ ಕೊಟ್ಟಿತು. ಕತಾರ್ ಆ ಪಟ್ಟಿಯಲ್ಲಿದೆ. ನಿಮ್ಮ ಬ್ಯಾಂಕಿನಲ್ಲಿ ಈ ಸೌಲಭ್ಯ ಇದೆಯಾ ಕೇಳಿ.

ಇನ್ನು ಐಫೋನ್ 17. ಕತಾರ್, ಯುಎಇ, ಸೌದಿ, ಕುವೈತ್, ಒಮಾನ್, ಬಹರೈನ್‌ನಲ್ಲಿ ಮಾರುವ ಐಫೋನ್ 17ಕ್ಕೆ ಸಿಮ್ ಹಾಕುವ ಜಾಗವೇ ಇಲ್ಲ, ಬರೀ ಇ-ಸಿಮ್, ಅಂದರೆ ಫೋನಿನೊಳಗೇ ಇರುವ ಸಿಮ್. ತಮ್ಮನಿಗೆ ಉಡುಗೊರೆ ಅಂತ ತಂದು, ಊರಲ್ಲಿ ಸಿಮ್ ಎಲ್ಲಿ ಹಾಕುವುದು ಅಂತ ಹುಡುಕುವ ಪರಿಸ್ಥಿತಿ ಬರಬಾರದು. ಜಿಯೋ, ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ) ಮೂರರಲ್ಲೂ ಇ-ಸಿಮ್ ಇದೆ, ಬದಲಾಯಿಸಿಕೊಳ್ಳಬಹುದು. ಆದರೆ ರಜೆ ಮುಗಿಯುವ ದಿನ ಮಾಡಬೇಡಿ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ತಡೆಹಿಡಿಯುತ್ತಾರೆ, ಮೋಸಗಾರರಿಗೆ ಒಟಿಪಿ ಸಿಗಬಾರದು ಅಂತ. ಊರಿಗೆ ಬಂದ ಮೊದಲ ವಾರದಲ್ಲೇ ಮುಗಿಸಿಬಿಡಿ.

ಪ್ರಶ್ನೆ: ಮಗಳು ಓದಲು ಕೆನಡಾಕ್ಕೆ ಹೋಗುತ್ತಿದ್ದಾಳೆ. ಅಲ್ಲಿ ಎರಡು ವರ್ಷದ ಕಾಂಟ್ರಾಕ್ಟ್ ಮಾಡಿದರೆ ಹೊಸ ಫೋನ್ ಕೈಗೇ ಕೊಡುತ್ತಾರಂತೆ. ಇಲ್ಲಿಂದ ತೆಗೆದುಕೊಂಡು ಹೋಗುವುದು ಒಳ್ಳೆಯದಾ? (ನಿವೃತ್ತ ಶಿಕ್ಷಕರು, ಉಡುಪಿ)

ಉತ್ತರ: ಸರ್, ಫೋನನ್ನೂ ಸಿಮ್ಮನ್ನೂ ಸೇರಿಸಿ ಮಾರುವ ಪದ್ಧತಿ ನಮ್ಮಲ್ಲಿ ಬೇರು ಬಿಡಲಿಲ್ಲ. 2003ರಲ್ಲಿ ರಿಲಯನ್ಸ್ 501 ರೂಪಾಯಿಗೆ ಫೋನ್ ಕೊಟ್ಟದ್ದು ನಿಮಗೆ ನೆನಪಿರಬಹುದು. ಅಂಥದ್ದು ಬಿಟ್ಟರೆ ಇಲ್ಲಿ ಫೋನ್ ನಮ್ಮದು, ಸಿಮ್ ಯಾವುದಾದರೂ ಆದೀತು. ಕೆನಡಾದಲ್ಲಿ ಹಾಗಲ್ಲ. ಅಲ್ಲಿ ಫೋನ್ ‘ಕೊಡುವುದಿಲ್ಲ’, ಅದರ ಬೆಲೆಯನ್ನು 24 ತಿಂಗಳ ಬಿಲ್ಲಿಗೆ ಹಂಚುತ್ತಾರೆ. ಅಲ್ಲಿನ ನಿಯಂತ್ರಣ ಸಂಸ್ಥೆ ಸಿಆರ್‌ಟಿಸಿಯ ವೈರ್‌ಲೆಸ್ ಕೋಡ್ 2013ರಿಂದ ಜಾರಿಯಲ್ಲಿದೆ. ಮಧ್ಯದಲ್ಲಿ ಬಿಟ್ಟರೆ ಕಟ್ಟಬೇಕಾದ ಮೊತ್ತ ತಿಂಗಳು ತಿಂಗಳು ಇಳಿಯುತ್ತಾ ಬಂದು ಎರಡು ವರ್ಷಕ್ಕೆ ಸೊನ್ನೆ ಆಗಬೇಕು ಅಂತ ಅದರಲ್ಲಿದೆ. 2017ರ ಡಿಸೆಂಬರಿನಿಂದ ಫೋನುಗಳನ್ನು ಒಂದೇ ಕಂಪನಿಯ ಸಿಮ್ಮಿಗೆ ಲಾಕ್ ಮಾಡಿ ಮಾರುವ ಹಾಗೂ ಇಲ್ಲ.

ಆದರೆ ಹೊಸದಾಗಿ ಹೋದವಳಿಗೆ ಅಲ್ಲಿ ಕ್ರೆಡಿಟ್ ಇತಿಹಾಸವೇ ಇರುವುದಿಲ್ಲ. ಡಿಪಾಸಿಟ್ ಕೇಳಬಹುದು, ಇಲ್ಲ ಅಂತಲೂ ಅನ್ನಬಹುದು. ಉಳಿಯುವ ರೂಮು ಯಾವ ಏರಿಯಾದಲ್ಲಿ, ಪಾರ್ಟ್ ಟೈಮ್ ಕೆಲಸ ಎಲ್ಲಿ ಅಂತ ಗೊತ್ತಾಗುವ ಮೊದಲೇ ಎರಡು ವರ್ಷಕ್ಕೆ ಸಹಿ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ಇಲ್ಲಿಂದ ಫೋನ್ ಒಯ್ಯಲಿ, ಅಲ್ಲಿ ಮೊದಲು ಪ್ರೀಪೇಯ್ಡ್ ಸಿಮ್ ಹಾಕಲಿ.

ಒಂದೇ ಎಚ್ಚರ. ಅಲ್ಲಿನ 4ಜಿ ಬ್ಯಾಂಡುಗಳು, ಅಂದರೆ ಸಿಗ್ನಲ್ ಹೋಗುವ ತರಂಗಗಳು, ಬೇರೆ. ಇಲ್ಲಿ ಮಾರುವ ಮಧ್ಯಮ ಬೆಲೆಯ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಬ್ಯಾಂಡ್ 12, 13, 17 ಇರುವುದಿಲ್ಲ. ಇವು ಗೋಡೆ ದಾಟಿ ಒಳಗೆ ಬರುವ ಬ್ಯಾಂಡುಗಳು. ಇಲ್ಲದಿದ್ದರೆ ಬೀದಿಯಲ್ಲಿ ಸಿಗ್ನಲ್, ಬೇಸ್‌ಮೆಂಟ್ ರೂಮಿನಲ್ಲಿ ಶೂನ್ಯ. ಕಂಪನಿಯ ಜಾಲತಾಣದಲ್ಲಿ ಆ ಮಾಡೆಲಿನ ಬ್ಯಾಂಡ್ ಪಟ್ಟಿಯಲ್ಲಿ 2, 4, 12, 66 ಇವೆಯಾ ನೋಡಿ. ಎರಡು ಸಿಮ್ ಹಿಡಿಯುವ ಫೋನೇ ಆಗಲಿ. ಒಂದರಲ್ಲಿ ಊರಿನ ನಂಬರ್ ಇರಲಿ, ಉಳ್ಳಾಲದವರಿಗೆ ಹೇಳಿದ ಹಾಗೆ ರೋಮಿಂಗ್ ಹಾಕಿಸಿ.

ಪ್ರಶ್ನೆ: ಪರಿಚಯದವರೊಬ್ಬರು ಹಳೇ ಫೋನ್ ಕಡಿಮೆಗೆ ಕೊಡ್ತಾರೆ. ಬಿಲ್ ಇಲ್ಲ. ತೆಗೆದುಕೊಳ್ಳಬಹುದಾ? (ಕುಂದಾಪುರ)

ಉತ್ತರ: ಆ ಫೋನಿನಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಬರುತ್ತದೆ. ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲೂ ನೋಡಬಹುದು. ಬ್ಲ್ಯಾಕ್‌ಲಿಸ್ಟ್, ಡೂಪ್ಲಿಕೇಟ್ ಅಂತ ಉತ್ತರ ಬಂದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಸರಿ ಇದೆ ಅಂತ ಬಂದರೆ, ಅವರ ಗೂಗಲ್ ಅಥವಾ ಆಪಲ್ ಖಾತೆಯನ್ನು ನಿಮ್ಮ ಎದುರಿಗೇ ತೆಗೆಸಿ, ರೀಸೆಟ್ ಮಾಡಿಸಿ, ನಿಮ್ಮ ಸಿಮ್ ಹಾಕಿ ಒಂದು ಕಾಲ್ ಮಾಡಿ, ಆಮೇಲೆ ದುಡ್ಡು ಕೊಡಿ. ಬಿಲ್ ಇಲ್ಲದಿದ್ದರೆ ಒಂದು ಹಾಳೆಯಲ್ಲಿ ಐಎಂಇಐ, ತಾರೀಕು, ಮೊತ್ತ ಬರೆದು ಅವರ ಸಹಿ ಹಾಕಿಸಿಕೊಳ್ಳಿ.